ಫ್ರೌಕೆ ಬಿಟ್ಟುಕೊಟ್ಟ ಬೇಲಿಗಳು

ಫ್ರೌಕೆ ಹೆಟ್ಟಿಂಗ ನಡೆಯುತ್ತಿರುವಾಗ ಆಕೆಯನ್ನು ಯಾರೂ ಮಾತನಾಡಿಸುವಂತಿರಲಿಲ್ಲ. ಮಾತನಾಡಿಸಿದರೆ ಸಿಟ್ಟಾಗುತ್ತಿದ್ದಳೆಂದಲ್ಲ, ಕೇಳಿಸಿಯೂ ಕೇಳಿಸದವಳ ಹಾಗೆ ಬಲಗೈಯ ತೋರುಬೆರಳನ್ನು ಎದೆಯ ಮಟ್ಟಕ್ಕೆ ಎತ್ತಿ, ತುಟಿಗಳನ್ನು ಸದ್ದಿಲ್ಲದೆ ಅಲುಗಿಸುತ್ತ, ಒಂದೇ ಅಳತೆಯ ಹೆಜ್ಜೆಗಳಲ್ಲಿ ಮುಂದೆ ಸಾಗಿಬಿಡುತ್ತಿದ್ದಳು. ಆಕೆ ಹೆಜ್ಜೆ ಎಣಿಸುತ್ತಿದ್ದಾಳೆಂದು ತಿಳಿಯದವರು ಯಾವುದೋ ಹರಕೆಯ ಪ್ರಾರ್ಥನೆ ಇರಬೇಕೆಂದು ಟೋಪಿ ತೆಗೆದು ದಾರಿ ಬಿಟ್ಟದ್ದೂ ಉಂಟು. ಒಮ್ಮೆ ನಮ್ಮ ಪ್ರಾಂತದ ಅತಿ ದೊಡ್ಡ ಅಧಿಕಾರಿಯೊಬ್ಬರು ಹೊಲಗಳನ್ನು ನೋಡಲೆಂದು ಬಂದು, ಕೆಸರಿನಲ್ಲಿ ತಮ್ಮ ಹೊಳೆಯುವ ಬೂಟುಗಳನ್ನು ಹುಷಾರಾಗಿ ಊರುತ್ತ ಆಕೆಯ ಕಡೆ ಕೈ ಚಾಚಿದರು. ಫ್ರೌಕೆ ಬೆರಳೆತ್ತಿ, ಆ ಚಾಚಿದ ಕೈಯ ಪಕ್ಕದಿಂದಲೇ ಹಾದು, ಕೊಳದ ಅಂಚಿನವರೆಗೂ ಹೋಗಿ, ಪುಸ್ತಕದಲ್ಲಿ ಏನೋ ಬರೆದುಕೊಂಡು ಹಿಂದಿರುಗಿದಳು. ಆ ಕೈ ಇನ್ನೂ ಗಾಳಿಯಲ್ಲೇ ಇತ್ತು. ಅದನ್ನು ಆದರದಿಂದ ಕುಲುಕಿ ಹೇಳಿದಳು: "ನಮಸ್ಕಾರ. ಒಂಬೈನೂರ ನಲವತ್ತೆರಡು."

ಆರಡಿಗೆ ಒಂದೆರಡು ಅಂಗುಲ ಕಡಿಮೆಯ ಆ ದೇಹದಲ್ಲಿ ಹೆಜ್ಜೆಯೊಂದೇ ನಿಯಮಬದ್ಧವಾಗಿತ್ತು. ಉಳಿದದ್ದೆಲ್ಲ, ಕೂದಲು, ಕೈಬರಹ, ಊಟದ ಹೊತ್ತು, ಅಸ್ತವ್ಯಸ್ತ. ಆಕೆಯ ತಂದೆ ನಮ್ಮ ದೇಶದ ಉತ್ತರದ ಫ್ರೀಸ್‌ಲಾಂಡ್‌ನಲ್ಲಿ ಕಾಲುವೆಯ ಸೇತುವೆ ಕಾಯುವವನಾಗಿದ್ದ. ದೋಣಿ ಬಂದಾಗ ಸೇತುವೆಯನ್ನು ಎತ್ತುವುದು, ಹೋದ ಮೇಲೆ ಇಳಿಸುವುದು ಅವನ ಕೆಲಸ. ಕಾಲುವೆಯ ದಂಡೆಯ ಮೇಲೆ ನೂರು ಮೀಟರಿಗೊಂದು ಕಲ್ಲು ನೆಟ್ಟಿದ್ದರಂತೆ. ಕಲ್ಲಿನಿಂದ ಕಲ್ಲಿಗೆ ಸರಿಯಾಗಿ ನೂರ ಇಪ್ಪತ್ತೈದು ಹೆಜ್ಜೆಯಾಗುವ ತನಕ ಆ ಹುಡುಗಿ ಮತ್ತೆ ಮತ್ತೆ ನಡೆದು, ಹದಿನಾರನೆಯ ವಯಸ್ಸಿಗೆ ತನ್ನ ಕಾಲನ್ನೇ ಅಳತೆಗೋಲು ಮಾಡಿಕೊಂಡಿದ್ದಳು. ಅಪ್ಪ ತೀರಿಕೊಂಡಾಗ ಅವನ ಕೋಟು ಇವಳಿಗೆ ಬಂತು: ಮೊಣಕಾಲು ಮುಟ್ಟುವ ಕಡುನೀಲಿ ಉಣ್ಣೆಯದು, ಎರಡು ಸಾಲು ಹಿತ್ತಾಳೆಯ ಗುಂಡಿ, ನೀರಿನಲ್ಲಿ ಬಿದ್ದವರನ್ನು ಎಳೆದು ಹಾಕಿ ಹಾಕಿ ಹಿಗ್ಗಿದ ತೋಳುಗಳು. ಅದರ ಒಂದು ಜೇಬಿನಲ್ಲಿ ಕಪ್ಪು ರೊಟ್ಟಿ, ಇನ್ನೊಂದರಲ್ಲಿ ಸಾಸಿವೆ ಗೊಜ್ಜಿನ ಖಾಲಿ ಗಾಜಿನ ಸೀಸೆ. ಸೀಸೆ ಯಾಕೆ ಎಂದರೆ ಕಪ್ಪೆಗಾಗಿ. ಎರಡೂ ಜೇಬು ಅದಲುಬದಲಾಗಿ ಆಕೆ ಊಟಕ್ಕೆ ಕೈ ಹಾಕಿ ಕಪ್ಪೆಯನ್ನು ತೆಗೆದ ದಿನ ನಾನು ಪಕ್ಕದಲ್ಲೇ ಕೂತಿದ್ದೆ.

ಸಾವಿರದ ಒಂಬೈನೂರ ಎಪ್ಪತ್ತೆಂಟರ ವಸಂತದಲ್ಲಿ ಆಕೆ ನಮ್ಮ ಭೂಯೋಜನೆ ಕಚೇರಿಗೆ ಬಂದಳು. ನಾನು ಅಲ್ಲಿ ನಕ್ಷೆ ಬರೆಯುವವನು. ನಮ್ಮ ಮುಂದೆ ಆಗ ಹಾರ್ಲೆಬ್ರೂಕ್ ಸೀಮೆಯ ನಾಲ್ಕು ಸಾವಿರ ಹೆಕ್ಟೇರ್ ನೆಲದ ಮರುಹಂಚಿಕೆಯ ಕೆಲಸವಿತ್ತು. ತಲೆತಲಾಂತರದಿಂದ ಪಾಲಾಗಿ ಪಾಲಾಗಿ ಚೂರಾಗಿದ್ದ ಹೊಲಗಳನ್ನು ಒಟ್ಟುಮಾಡಿ, ಪ್ರತಿಯೊಬ್ಬ ರೈತನಿಗೂ ಅವನ ಮನೆಯ ಹತ್ತಿರವೇ ಒಂದು ದೊಡ್ಡ ತುಂಡು ಕೊಡುವುದು. ಅಂಕುಡೊಂಕಾದ ತೊರೆಗಳನ್ನು ನೇರ ಮಾಡುವುದು. ಹೊಲ ಹೊಲದ ನಡುವೆ ಓಕ್, ಹೇಸಲ್, ಮುಳ್ಳುಹಣ್ಣಿನ ಪೊದೆಗಳು ಹೆಣೆದುಕೊಂಡು ಬೆಳೆದಿದ್ದ ಮರಬೇಲಿಗಳನ್ನು ಕಿತ್ತು ಯಂತ್ರಗಳಿಗೆ ಜಾಗ ಮಾಡುವುದು. ಮುಖ್ಯ ಇಂಜಿನಿಯರ್ ವೆಲ್ಟ್‌ಕಾಂಪ್ ಯೋಜನೆಯನ್ನು ಆಗಲೇ ಸಿದ್ಧಪಡಿಸಿದ್ದರು. ಪ್ರಕೃತಿಯ ಬಗ್ಗೆಯೂ ಒಂದು ಅಧ್ಯಾಯವಿರಬೇಕೆಂಬ ಹೊಸ ನಿಯಮ ಬಂದದ್ದರಿಂದ ಆ ಅಧ್ಯಾಯ ಬರೆಯಲು ಫ್ರೌಕೆ ಬೇಕಾಗಿದ್ದಳು; ಅಷ್ಟೇ.

ವೆಲ್ಟ್‌ಕಾಂಪ್ ಕೆಟ್ಟವರಲ್ಲ. ಮೊದಲ ದಿನವೇ ತಮ್ಮ ಮನಸ್ಸನ್ನು ಬಿಚ್ಚಿ ಹೇಳಿದರು.

"ನೋಡಿ ಹೆಟ್ಟಿಂಗ ಅವರೇ, ನಮ್ಮಪ್ಪನಿಗೆ ಹನ್ನೆರಡು ಹೆಕ್ಟೇರ್ ಇತ್ತು. ಹದಿನೇಳು ಕಡೆ! ಹುಲ್ಲು ಕೊಯ್ಯೋದಕ್ಕಿಂತ ಹುಲ್ಲಿರೋ ಕಡೆ ಹೋಗೋದರಲ್ಲೇ ಅವರ ಆಯಸ್ಸು ಕಳೆದುಹೋಯ್ತು. ಬೇಲಿ ಎಷ್ಟು ಚೆಂದ ಅಂತ ಹಾಡಿ ಹೊಗಳೋರು ಯಾರೂ ಆ ಗಾಡಿ ಹೊಡೆದೋರಲ್ಲ."

ಫ್ರೌಕೆ ವಾದಿಸಲಿಲ್ಲ. ಒಂದು ಹಾಳೆ, ಒಂದು ಪೆನ್ಸಿಲ್ ಅವರ ಮುಂದೆ ಸರಿಸಿದಳು. "ಆ ಹದಿನೇಳು ತುಂಡು ಎಲ್ಲೆಲ್ಲಿದ್ದವು ಅಂತ ಬರೆದು ತೋರಿಸಿ. ನಿಮ್ಮ ತಂದೆ ಯಾವ ದಾರಿಯಲ್ಲಿ ಹೋಗ್ತಿದ್ದರು ಅನ್ನೋದನ್ನೂ."

ಇಂಜಿನಿಯರು ನಕ್ಕರು, ಆಮೇಲೆ ಬರೆಯತೊಡಗಿದರು, ಅರ್ಧ ಗಂಟೆಯ ನಂತರವೂ ಬರೆಯುತ್ತಲೇ ಇದ್ದರು. ಆ ಕಚೇರಿಯಲ್ಲಿ ಅವರ ತಂದೆಯ ಬಗ್ಗೆ ಯಾರೂ ಅಷ್ಟು ಆಸ್ಥೆಯಿಂದ ಕೇಳಿದ್ದಿಲ್ಲ.

ಆಕೆಯ ಮಾತು ಪುಸ್ತಕದ ಮಾತು, ಹಾರ್ಲೆಬ್ರೂಕಿನವರದು ನಮ್ಮ ಒರಟು ಆಡುಮಾತು. ನಾನು ಪಕ್ಕದ ಹಳ್ಳಿಯ ಕಮ್ಮಾರನ ಮಗನಾದ್ದರಿಂದ ದುಭಾಷಿಯಾಗಿ ಜೊತೆಗೆ ಹೋಗಬೇಕೆಂದು ಅಪ್ಪಣೆಯಾಯಿತು. ಮೂರು ಬೇಸಿಗೆ ಹಾಗೆ ತಿರುಗಿದೆವು. ದನಗಳು ನೀರು ಕುಡಿಯಲೆಂದು ಹಿಂದಿನವರು ಹೊಲದ ಮೂಲೆಗಳಲ್ಲಿ ತೋಡಿದ್ದ ಅರವತ್ತಮೂರು ಪುಟ್ಟ ಕೊಳಗಳಿದ್ದವು. ಅವುಗಳಲ್ಲಿ ಯಾವುದರ ಸುತ್ತ ಮರಗಪ್ಪೆಗಳಿವೆ, ಯಾವುದರ ಸುತ್ತ ಇಲ್ಲ ಎಂಬುದೇ ಆಕೆಯ ಶೋಧನೆ. ಹೆಬ್ಬೆರಳ ತುದಿಯಷ್ಟು ದೊಡ್ಡ, ಎಳೆ ಎಲೆಯಂತೆ ಹಸಿರಾದ ಆ ಪ್ರಾಣಿ ಬೇಸಿಗೆಯ ಹಗಲಿನಲ್ಲಿ ಮುಳ್ಳುಪೊದೆಯ ಎಲೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತ ಕೂತಿರುತ್ತದೆ. ನನಗೆ ಒಂದು ಕಾಣುವಷ್ಟರಲ್ಲಿ ಫ್ರೌಕೆ ಹನ್ನೊಂದು ಎಣಿಸಿ ಮುಗಿಸಿರುತ್ತಿದ್ದಳು. ಯಾರಾದರೂ "ನಮ್ಮ ಹಿತ್ತಲಲ್ಲಿ ಮೊನ್ನೆ ಒಂದು ಕಪ್ಪೆ ನೋಡಿದೆ" ಎಂದರೆ ಸಾಕು, ಆಕೆಯ ಪ್ರಶ್ನೆ ಸಿದ್ಧ: "ಅಲ್ಲಿಂದ?" ಅಲ್ಲಿಂದ ಎಲ್ಲಿಗೆ ಹೋಯಿತು, ಅದಕ್ಕೆ ಮೊದಲು ಎಲ್ಲಿತ್ತು ಎಂದು ಅದರ ಅರ್ಥ. ನರಿಯ ಬಗ್ಗೆಯೂ ಅದೇ ಪ್ರಶ್ನೆ, ಅಳಿಲಿನ ಬಗ್ಗೆಯೂ ಅದೇ. ನನ್ನ ಮದುವೆ ನಿಶ್ಚಯವಾಗಿದೆ ಎಂದು ಹೇಳಿದಾಗಲೂ ಒಂದು ಕ್ಷಣ ಯೋಚಿಸಿ "ಅಲ್ಲಿಂದ?" ಅಂದಳು.

ಡೆರ್ಕ್ ಹೊಯ್ಟಿಂಕ್‌ನ ಪರಿಚಯವಾದದ್ದು ಆ ಮೊದಲ ಬೇಸಿಗೆಯಲ್ಲೇ. ಅರವತ್ತರ ಹತ್ತಿರದ, ಕಡಿದಿಟ್ಟ ಓಕ್ ದಿಮ್ಮಿಯಂಥ ಮನುಷ್ಯ. ಇಪ್ಪತ್ತೆರಡು ಹೆಕ್ಟೇರ್ ಹೊಲ ಒಂಬತ್ತು ಕಡೆ. ಅಂಗಳದಲ್ಲಿ ನಮ್ಮನ್ನೂ ಫ್ರೌಕೆಯ ಹಿತ್ತಾಳೆ ಗುಂಡಿಯ ಕೋಟನ್ನೂ ಕಂಡವನೇ ಕೂಗಿದ.

"ಏನೋ ಕಮ್ಮಾರನ ಆರೆಂಟ, ಟಿಕೆಟ್ ಕಲೆಕ್ಟರನ್ನ ಕರಕೊಂಡು ಬಂದಿದೀಯಲ್ಲ! ನಾವ್ಯಾರೂ ರೈಲು ಹತ್ತಿಲ್ಲವಲ್ಲಪ್ಪ."

"ಹತ್ತಬೇಕಾಗಬಹುದು," ಎಂದಳು ಫ್ರೌಕೆ ಗಂಭೀರವಾಗಿ. "ನಿಮ್ಮ ಮನೆ ಹಿಂದಿನ ಕೊಳ ನೋಡಬಹುದಾ?"

"ನೋಡಿ ಅಮ್ಮಣ್ಣಿ, ಧಾರಾಳವಾಗಿ ನೋಡಿ. ಮುಂದಿನ ವರ್ಷ ಇರಲ್ಲ ಅದು. ಹಸುಗಳಿಗೆ ನಲ್ಲಿ ನೀರು ಬಂದ ಮೇಲೆ ಆ ಗುಂಡಿ ಇಟ್ಟುಕೊಂಡು ಏನು ಮಾಡಲಿ? ಆಗಲೇ ಎರಡು ಮುಚ್ಚಿಸಿದೀನಿ."

ಅವನ ಹೆಂಡತಿ ಡೀಕ ಕಾಫಿಗೆ ಕರೆದಳು. ನಮ್ಮ ಕಡೆಯ ರೀತಿಯಂತೆ ಒಂದು ಲೋಟಕ್ಕೆ ಒಂದು ಬಿಸ್ಕತ್ತು ಕೊಟ್ಟು ಡಬ್ಬಿಯ ಮುಚ್ಚಳ ಹಾಕಿದಳು. ಮುಚ್ಚಿದ ಡಬ್ಬಿಯನ್ನು ಯಾರೂ ನೋಡಿದಂತೆ ಮಾಡುವುದಿಲ್ಲ. ಫ್ರೌಕೆ ನೋಡಿದಳು. "ಇನ್ನೊಂದು ಸಿಗುತ್ತಾ? ಬೆಳಗಿನಿಂದ ಹದಿನಾಲ್ಕು ಸಾವಿರ ಹೆಜ್ಜೆ ಆಗಿದೆ." ನಾನು ನಾಚಿಕೆಯಿಂದ ನೆಲ ನೋಡಿದೆ. ಡೀಕ ಗಂಡನ ಮುಖ ನೋಡಿ, ಆಕೆಯ ಕೆಸರು ಮೆತ್ತಿದ ಬೂಟು ನೋಡಿ, "ಅಯ್ಯೋ ತಾಯಿ, ಹಸಿದಿದೀಯ ಅಂತ ಮೊದಲೇ ಹೇಳಬಾರದಾ?" ಎಂದು ಡಬ್ಬಿಯನ್ನೇ ಅವಳ ಮುಂದಿಟ್ಟಳು. ಅಂದಿನಿಂದ ಆ ಮನೆಯಲ್ಲಿ ಫ್ರೌಕೆ ಕೂತಿರುವಷ್ಟು ಹೊತ್ತೂ ಡಬ್ಬಿ ತೆರೆದೇ ಇರುತ್ತಿತ್ತು, ನೆರೆಹೊರೆಯವರು ಅದನ್ನು ಕಂಡು ಅಸೂಯೆಪಟ್ಟರು.

ಮೂರನೆಯ ಬೇಸಿಗೆ ಮುಗಿಯುವ ಹೊತ್ತಿಗೆ ಆಕೆಯ ಎಣಿಕೆಯಿಂದ ಒಂದು ಸತ್ಯ ಹೊರಬಿತ್ತು. ಕಪ್ಪೆಗಳಿದ್ದದ್ದು ಹದಿನಾಲ್ಕು ಕೊಳಗಳಲ್ಲಿ. ಆ ಹದಿನಾಲ್ಕಕ್ಕೂ ಸಾವಿರದ ಐನೂರು ಹೆಜ್ಜೆಯೊಳಗೆ ಇನ್ನೊಂದು ಕೊಳವಿತ್ತು, ನಡುವೆ ಕಡಿಯದೆ ಬಿಟ್ಟ ಮರಬೇಲಿಯಿತ್ತು. ಎಷ್ಟೇ ತಿಳಿಯಾಗಿದ್ದರೂ, ಎಷ್ಟೇ ಚೆಂದವಿದ್ದರೂ, ಒಂಟಿ ಕೊಳ ಮೂಕವಾಗಿತ್ತು. ಅದನ್ನು ಡೆರ್ಕ್‌ಗೆ ಆಕೆ ಹೇಳಿದ ರೀತಿ ನನಗೆ ನೆನಪಿದೆ. "ಯಾವುದೋ ಒಂದು ವರ್ಷ ನಿಮ್ಮ ಕೊಳ ಒಣಗುತ್ತೆ. ಕಪ್ಪೆ ಸಾಯುತ್ತೆ. ಅದು ದೊಡ್ಡ ವಿಷಯ ಅಲ್ಲ, ಎಲ್ಲಾ ಕಾಲಕ್ಕೂ ಆಗಿರೋದೇ. ಪಕ್ಕದ ಕೊಳದಿಂದ ಬರೋಕೆ ದಾರಿ ಇದ್ದರೆ ಎರಡು ವರ್ಷದಲ್ಲಿ ಮತ್ತೆ ತುಂಬುತ್ತೆ. ದಾರಿ ಇಲ್ಲದಿದ್ದರೆ ಸತ್ತದ್ದು ಸತ್ತಂತೆ."

ಇಷ್ಟು ಕಂಡುಕೊಂಡವರು ಸಾಮಾನ್ಯವಾಗಿ ಎಲ್ಲ ಕೊಳಗಳನ್ನೂ ಎಲ್ಲ ಬೇಲಿಗಳನ್ನೂ ಉಳಿಸಬೇಕೆಂದು ವರದಿ ಬರೆದು, ಅದು ಕಪಾಟು ಸೇರಿದ ಮೇಲೆ ಲೋಕವನ್ನು ಬೈದುಕೊಂಡು ಇರುತ್ತಾರೆ. ಫ್ರೌಕೆ ಬೇರೆಯದನ್ನೇ ಮಾಡಿದಳು. ಬೇಲಿಗಳಿಗೆ ಇಂತಿಷ್ಟೇ ನೆಲ ಬಿಡಬಹುದೆಂದು ರೈತರ ಸಮಿತಿ ಒಂದು ಮಿತಿ ಹಾಕಿತ್ತು. ಆ ಮಿತಿಯನ್ನು ಆಕೆ ನ್ಯಾಯವೆಂದೇ ಒಪ್ಪಿಕೊಂಡಳು. ವೆಲ್ಟ್‌ಕಾಂಪ್‌ರ ಯೋಜನೆಯ ಮೇಲೆ ಪಾರದರ್ಶಕ ಹಾಳೆ ಹಾಸಿ, ಕೆಂಪು ಪೆನ್ಸಿಲ್ ಹಿಡಿದು, ಅರವತ್ತು ಕಿಲೋಮೀಟರ್ ಬೇಲಿಯಲ್ಲಿ ಒಂದೊಂದನ್ನೇ ನಿಂತು ನೋಡಿದಳು. ಇದು ಯಾವುದನ್ನು ಯಾವುದಕ್ಕೆ ಸೇರಿಸುತ್ತದೆ? ಉತ್ತರವಿಲ್ಲದ ಬೇಲಿಯನ್ನು ಹೊಡೆದುಹಾಕಿದಳು. ಸಂಜೆಯ ಹೊತ್ತಿಗೆ ಮೂವತ್ತೆಂಟು ಕಿಲೋಮೀಟರ್ ಹೋಗಿತ್ತು. ಉಳಿದದ್ದು ಪೂರ್ವದ ಕಾಡಿನಿಂದ ಪಶ್ಚಿಮದ ತೊರೆಯವರೆಗೆ, ಕೊಳದಿಂದ ಕೊಳಕ್ಕೆ ಹಾಯುವ ಮೂರು ಹಸಿರು ಗೆರೆಗಳು. ವೆಲ್ಟ್‌ಕಾಂಪ್ ಹಾಳೆಯನ್ನು ಬಹಳ ಹೊತ್ತು ನೋಡಿ ನನ್ನನ್ನು ಕೇಳಿದರು: "ಇದನ್ನ ನಿಜವಾಗಿಯೂ ಅವರೇ ಮಾಡಿದ್ದಾ? ನಾನೇ ಇಷ್ಟು ಕಡಿಯೋಕೆ ಹಿಂಜರೀತಿದ್ದೆ."

ಹೊಡೆದುಹಾಕಿದವುಗಳಲ್ಲಿ ದಿಬ್ಬದ ಮೇಲಿನ ನೂರ ಹನ್ನೆರಡು ಓಕ್ ಮರಗಳ ಸಾಲೂ ಇತ್ತು. ಅಂಥ ಸಾಲು ನಮ್ಮ ಸೀಮೆಯಲ್ಲೇ ಇನ್ನೊಂದಿರಲಿಲ್ಲ. ಹಳ್ಳಿಯ ನಿಸರ್ಗಪ್ರೇಮಿಗಳ ಸಂಘಕ್ಕೆ ನಿವೃತ್ತ ಹೆಡ್‌ಮಾಸ್ಟರ್ ಓಂಕ್ ಅಧ್ಯಕ್ಷರು. ಫ್ರೌಕೆ ತಮ್ಮವಳೆಂದೇ ನಂಬಿದ್ದವರು. ಮಳೆಯಲ್ಲಿ ಸೈಕಲ್ ತುಳಿದುಕೊಂಡು ಕಚೇರಿಗೆ ಬಂದು, ಟೋಪಿ ತೆಗೆಯದೆ ಆಕೆಯ ಮೇಜಿನ ಮುಂದೆ ನಿಂತರು.

"ಮೂವತ್ತು ವರ್ಷ ಮಕ್ಕಳನ್ನ ಆ ಮರಗಳ ಕೆಳಗೆ ಕೂರಿಸಿ ಪಾಠ ಹೇಳಿದೀನಿ. ನೀನು ಯಾರ ಕಡೆಯವಳಮ್ಮ?"

"ಅದು ಬಹಳ ಚೆಂದದ ಸಾಲು ಮೇಷ್ಟ್ರೇ. ಆದರೆ ಈ ಕಡೆಯೂ ಏನನ್ನೂ ಮುಟ್ಟಲ್ಲ, ಆ ಕಡೆಯೂ ಮುಟ್ಟಲ್ಲ. ಅದನ್ನು ಉಳಿಸಿದರೆ ನಡುವಿನ ಗೆರೆ ಹೋಗುತ್ತೆ. ಎರಡಕ್ಕೂ ನೆಲ ಇಲ್ಲ."

"ಹಾಗಂತ ಕಡಿದುಬಿಡೋದಾ?"

"ಹೌದು."

ಮೇಷ್ಟ್ರು ತಿರುಗಿ ಹೊರಟುಹೋದರು. ಆ ಒಂದು 'ಹೌದು' ಅನ್ನು ಸ್ವಲ್ಪ ಮೆತ್ತಗೆ, ಒಂದು ನಿಟ್ಟುಸಿರಿನ ಜೊತೆಗಾದರೂ ಹೇಳಬಾರದಿತ್ತೇ ಎಂದು ನಾನು ಆಮೇಲೆ ಕೇಳಿದ್ದಕ್ಕೆ, "ನಿಟ್ಟುಸಿರು ಬಿಟ್ಟರೆ ಅವರಿಗೆ ಆಸೆ ಹುಟ್ಟುತ್ತಿತ್ತು" ಎಂದಳು.

ನಿಜವಾದ ಅಪಾಯ ಬಂದದ್ದು ಇನ್ನೊಂದು ಕಡೆಯಿಂದ. ನಡುವಿನ ಹಸಿರು ಗೆರೆ ಡೆರ್ಕ್ ಹೊಯ್ಟಿಂಕ್‌ಗೆ ಕೊಡಲಿದ್ದ ಹೊಸ ಹೊಲವನ್ನು ಸರಿಯಾಗಿ ಎರಡು ಭಾಗ ಮಾಡುತ್ತಿತ್ತು, ಏಕೆಂದರೆ ಅಲ್ಲೊಂದು ಹಳೆಯ ಬೇಲಿ ಆಗಲೇ ಇತ್ತು. ಪಾನಗೃಹದ ಮಹಡಿಯಲ್ಲಿ ಶನಿವಾರ ಮಧ್ಯಾಹ್ನ ರೈತರ ಸಭೆ ಸೇರಿದಾಗ ಡೆರ್ಕ್ ಎದ್ದು ನಿಂತ.

"ಒಂಬತ್ತು ತುಂಡು ಒಂದಾಗುತ್ತೆ ಅಂದ್ರಿ. ಈಗ ಎರಡು ಅಂತೀರಿ. ಕಪ್ಪೆಗೆ ದಾರಿ ಬೇಕು, ನನ್ನ ಹಸುಗಳಿಗೆ ಬೇಡವಾ? ನಾನು ಹೇಳ್ತೀನಿ ಕೇಳಿ, ಮನೆಮನೆಗೂ ಹೋಗಿ ಎಲ್ಲರನ್ನೂ ಮತ ಹಾಕೋಕೆ ಎಳಕೊಂಡು ಬರ್ತೀನಿ. ಒಬ್ಬನೂ ಮನೇಲಿ ಕೂರದ ಹಾಗೆ ನೋಡ್ಕೋತೀನಿ."

ಸಭೆ ಚಪ್ಪಾಳೆ ತಟ್ಟಿತು. ಅದು ಬರಿಯ ಬೆದರಿಕೆಯಲ್ಲ. ಆಗಿನ ಕಾಯಿದೆಯಲ್ಲಿ ಮತದಾನಕ್ಕೆ ಬಾರದವನು ಒಪ್ಪಿದವನೆಂದೇ ಲೆಕ್ಕ. ಎಲ್ಲರೂ ಬಂದರೆ ಯೋಜನೆಯೇ ಬಿದ್ದುಹೋಗುವಂತಿತ್ತು. ಬಿದ್ದರೆ ಗೆರೆಗಳೂ ಇಲ್ಲ, ಒಟ್ಟಾದ ಹೊಲಗಳೂ ಇಲ್ಲ. ಚೂರು ಹೊಲಗಳಲ್ಲಿ ಏಗುತ್ತಿದ್ದ ಸಣ್ಣ ರೈತರು ಒಬ್ಬೊಬ್ಬರಾಗಿ ಕೈಚೆಲ್ಲುತ್ತಾರೆ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಫ್ರೌಕೆ ಎದ್ದು ಹದಿನೈದು ದಿನ ಕೊಡಿ ಎಂದಳು.

ಮರುದಿನ ಬೆಳಗ್ಗೆ ಹಾಲು ಕರೆಯುವ ಹೊತ್ತಿಗೆ ಆ ನೀಲಿ ಕೋಟು ಹೊಯ್ಟಿಂಕ್‌ರ ಕೊಟ್ಟಿಗೆಯ ಬಾಗಿಲಲ್ಲಿತ್ತು. ಹಸುಗಳು ಮೇಯಲು ಹೊರಟರೆ ಅವುಗಳ ಹಿಂದೆ, ತಿರುಗಿ ಬಂದರೆ ತಿರುಗಿ. ಡೆರ್ಕ್ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಗೊಣಗಿದ. ಒಂಬತ್ತನೆಯ ದಿನ ತಡೆಯಲಾರದೆ ಕೇಳಿದ.

"ನನ್ನ ಹಸುಗಳ ಬಗ್ಗೆ ಏನು ಗೊತ್ತು ಅಮ್ಮಣ್ಣಿ ನಿನಗೆ? ಒಂದರ ಹೆಸರಾದರೂ ಗೊತ್ತಾ?"

"ಇಪ್ಪತ್ತಾರರಲ್ಲಿ ಇಪ್ಪತ್ತೈದು ಗೊತ್ತು. ಆ ಕುಂಟುವವಳನ್ನ ನೀವು ಯಾವತ್ತೂ ಹೆಸರು ಹಿಡಿದು ಕರೆಯಲೇ ಇಲ್ಲ."

"ಅವಳು ನೆಲ್." ಡೆರ್ಕ್‌ನ ದನಿ ಇಳಿದಿತ್ತು.

"ಹೊಯ್ಟಿಂಕ್ ಅವರೇ, ಒಂಬತ್ತು ದಿನದಲ್ಲಿ ನೆಲ್ ಆಗಲಿ ಬೇರೆ ಯಾವ ಹಸುವಾಗಲಿ ಆ ದಕ್ಷಿಣದ ತಗ್ಗಿಗೆ ಒಮ್ಮೆಯೂ ಇಳಿದಿಲ್ಲ. ಯಾಕೆ?"

"ಅಲ್ಲೇನಿದೆ? ಜೌಗು. ಜೊಂಡು ಹುಲ್ಲು. ತೊರೆ ಹಿಂದೆ ಅಲ್ಲಿ ಹರೀತಿತ್ತಂತೆ, ನಮ್ಮಜ್ಜನ ಕಾಲದಲ್ಲಿ."

ಫ್ರೌಕೆ ಅಲ್ಲೇ ಕೆಸರಿನಲ್ಲಿ ಕೂತು ನಕ್ಷೆ ಬಿಚ್ಚಿದಳು. ಗೆರೆ ಇರುವ ಬೇಲಿಯ ಮೇಲೆ ಯಾಕೆ ಹೋಗಬೇಕು? ಮುನ್ನೂರು ಹೆಜ್ಜೆ ದಕ್ಷಿಣಕ್ಕೆ ಸರಿಸಿದರೆ, ಹಸುಗಳಿಗೆ ಬೇಡದ, ನೀರಿಗೆ ಬೇಕಾದ ಆ ತಗ್ಗಿನಲ್ಲೇ ಹೊಸ ಬೇಲಿ ಬೆಳೆಯಬಹುದು. ತಗ್ಗಿನ ತುದಿಗೆ ಒಂದು ಹೊಸ ಕೊಳ. ಹಳೆಯ ಬೇಲಿ ಹೋದರೆ ಡೆರ್ಕ್‌ನ ಒಳ್ಳೆಯ ಹುಲ್ಲುಗಾವಲೆಲ್ಲ ಒಂದೇ ತುಂಡು. ಅಡ್ಡಿಯಿದ್ದದ್ದು ಒಂದೇ: ತಗ್ಗನ್ನು ಬತ್ತಿಸಿ ಅಲ್ಲಿ ಹೊಸ ರಸ್ತೆ ಹಾಕಬೇಕೆಂದು ವೆಲ್ಟ್‌ಕಾಂಪ್ ನಿರ್ಧರಿಸಿದ್ದರು. ಆಕೆ ವಾದಿಸುವ ಬದಲು ಅವರನ್ನು ಕರೆತಂದಳು. ಇಂಜಿನಿಯರು ತಗ್ಗಿಗೆ ನಾಲ್ಕು ಹೆಜ್ಜೆ ಇಟ್ಟರು; ಐದನೆಯದಕ್ಕೆ ಕಾಲು ಮೇಲೆ ಬಂತು, ಬೂಟು ಬರಲಿಲ್ಲ. ಒಂಟಿ ಕಾಲಿನಲ್ಲಿ ನನ್ನ ಭುಜ ಹಿಡಿದು ನಿಂತು, ರೈತನ ಮಗನ ದನಿಯಲ್ಲಿ ಹೇಳಿದರು: "ಇಲ್ಲಿ ರಸ್ತೆ ಹಾಕಿದರೆ ವರ್ಷಾ ವರ್ಷಾ ಮಣ್ಣು ಸುರೀತಾನೇ ಇರಬೇಕು. ದಿಬ್ಬದ ಕಡೆ ಸರಿಸೋಣ." ಡೆರ್ಕ್ ನಕ್ಕ ನಗು ಕೊಟ್ಟಿಗೆಯವರೆಗೆ ಕೇಳಿಸಿತು.

ಆದರೆ ಫ್ರೌಕೆ ಒಂದು ಷರತ್ತು ಹಾಕಿದಳು. ಹೊಸ ಬೇಲಿ ಎದೆಯೆತ್ತರ ಬೆಳೆದು, ಕಪ್ಪೆ ಅದರಲ್ಲಿ ಹಾದು ಬರುವ ತನಕ ಹಳೆಯ ಬೇಲಿಯನ್ನು ಮುಟ್ಟಬಾರದು. ಆರು ವರ್ಷವಾಗಬಹುದು, ಎಂಟಾಗಬಹುದು. ಅಷ್ಟು ಕಾಲ ಡೆರ್ಕ್‌ನ ಹೊಲ ಎರಡಾಗಿಯೇ ಇರಬೇಕು. ವೆಲ್ಟ್‌ಕಾಂಪ್ ಕರಾರುಪತ್ರ ಬರೆಸೋಣವೆಂದರು. ಡೆರ್ಕ್ ಅವರ ಕಡೆ ನೋಡಲೂ ಇಲ್ಲ. ದನದ ಸಂತೆಯಲ್ಲಿ ವ್ಯಾಪಾರ ಕುದುರಿಸುವವರ ಹಾಗೆ ಅಂಗೈ ಚಾಚಿದ. ಫ್ರೌಕೆ ತನ್ನ ಅಂಗೈಯಿಂದ ಅದನ್ನು ಚಟೀರೆಂದು ಬಡಿದಳು. ನಮ್ಮ ಸೀಮೆಯಲ್ಲಿ ಅದಕ್ಕಿಂತ ಗಟ್ಟಿಯಾದ ಕಾಗದವಿಲ್ಲ.

ಯೋಜನೆಗೆ ಬಹುಮತ ಬಂತು. ಮರುವರ್ಷದ ಚಳಿಗಾಲದಲ್ಲಿ ಯಂತ್ರಗಳು ಬಂದವು. ದಿಬ್ಬದ ಓಕ್ ಸಾಲನ್ನು ಕಡಿಯುವ ದಿನ ಕಚೇರಿಯಿಂದ ಯಾರೂ ಹೋಗುವ ಅಗತ್ಯವಿರಲಿಲ್ಲ. ಫ್ರೌಕೆ ಹೋದಳು. ಬೆಳಗಿನಿಂದ ಸಂಜೆಯವರೆಗೆ, ಮೊದಲ ಮರದಿಂದ ಕೊನೆಯ ಮರದವರೆಗೆ, ಎರಡೂ ಕೈಗಳನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಹಿಮದ ಮೇಲೆ ನಿಂತಿದ್ದಳು. ಅಂದು ಆಕೆ ಏನನ್ನೂ ಎಣಿಸಲಿಲ್ಲ. ತುಸು ದೂರದಲ್ಲಿ ಓಂಕ್ ಮೇಷ್ಟ್ರು ನಿಂತಿದ್ದರು. ನಾನು ಮಧ್ಯಾಹ್ನ ಬಿಸಿ ಬಟಾಣಿ ಸಾರು ಒಯ್ದು, "ನೀವು ಇರಲೇಬೇಕಾ?" ಎಂದು ಕೇಳಿದೆ. "ಇದು ನನ್ನ ತೀರ್ಮಾನ ಆರೆಂಟ್. ನೋಡದೆ ಹೋದರೆ ಮುಂದಿನ ಸಲ ತುಂಬಾ ಸುಲಭವಾಗಿಬಿಡುತ್ತೆ." ಸಾರಿನ ಅರ್ಧವನ್ನು ಮೇಷ್ಟ್ರಿಗೆ ಕೊಡೆಂದು ಹೇಳಿದಳು. ಅವರು ಕುಡಿಯಲಿಲ್ಲ.

ಆಮೇಲಿನ ವರ್ಷಗಳಲ್ಲಿ ಏನೂ ಆಗಲಿಲ್ಲ ಎನ್ನಬೇಕು. ನೆಟ್ಟದ್ದು ಬೆಳೆಯುತ್ತಿತ್ತು; ಕಪ್ಪೆ ಬರಲಿಲ್ಲ. ಅಷ್ಟರಲ್ಲಿ ಉತ್ತರದ ಗೆರೆಯಲ್ಲಿ ಇದ್ದ ಕಪ್ಪೆಗಳೂ ಕಡಿಮೆಯಾದವು. ಆಕೆ ಒಂದು ಬೇಸಿಗೆಯಿಡೀ ಅಲ್ಲಿ ತಿರುಗಿ, ರೈತರ ಸಭೆಗೆ ತಾನಾಗಿಯೇ ಹೋಗಿ ನಿಂತು ಹೇಳಿದಳು: "ಉತ್ತರದ ಗೆರೆ ತಪ್ಪಾಗಿದೆ. ಕೊಳಗಳ ದಕ್ಷಿಣಕ್ಕೆ ಮರ ಒತ್ತಾಗಿ ನೆಡಿಸಿದೆ, ನೀರಿನ ಮೇಲೆ ನೆರಳು ಬಿದ್ದಿದೆ, ಕಪ್ಪೆಗೆ ಬಿಸಿಲು ಬೇಕು. ತಪ್ಪು ನನ್ನದು. ಆ ಮರ ತೆಗೆಸಬೇಕು." ಹಿಂದಿನ ಬೆಂಚಿನಿಂದ ಯಾರೋ "ನೆಡಿ ಅಂದೋರೂ ನೀವೇ, ಕಡೀರಿ ಅಂತಿರೋರೂ ನೀವೇ!" ಎಂದು ಕೂಗಿದರು. "ಹೌದು, ನಾನೇ," ಎಂದಳು. ಅಲ್ಲಿಗೆ ಮಾತು ಮುಗಿಯಿತು, ಮರ ತೆಗೆದರು, ಗೆರೆ ಚೇತರಿಸಿಕೊಂಡಿತು. ತಪ್ಪೊಪ್ಪಿಕೊಳ್ಳುವುದಕ್ಕೆ ಆಕೆಗೆ ಧೈರ್ಯ ಬೇಕಾಗಿರಲಿಲ್ಲ, ನಡಿಗೆಯಷ್ಟೇ ಸಹಜವಾಗಿತ್ತು; ರೈತರು ಆಕೆಯನ್ನು ನಂಬತೊಡಗಿದ್ದು ಬಹುಶಃ ಅಂದಿನಿಂದ. ಆ ಸಭೆಯ ಮರುವಾರ ಓಂಕ್ ಮೇಷ್ಟ್ರು ಕಚೇರಿಗೆ ಬಂದು ಒಂದು ಗೋಣಿಚೀಲವನ್ನು ಆಕೆಯ ಮೇಜಿನ ಮೇಲೆ ಇಳಿಸಿದರು. ಮೂವತ್ತು ವರ್ಷ ಶಾಲೆಯ ಮಕ್ಕಳ ಕೈಯಲ್ಲಿ ಬರೆಸಿದ್ದ, ಯಾವ ಕೊಳದಲ್ಲಿ ಯಾವಾಗ ಕಪ್ಪೆ ಕೂಗಿತೆಂಬ ನೋಟ್‌ಪುಸ್ತಕಗಳು. "ನಿನಗೆ ಅಂತ ಕೊಡ್ತಿಲ್ಲ," ಎಂದರು, ಬಾಗಿಲ ಹತ್ತಿರ ಹೋಗಿ. ಆಕೆಯೊಡನೆ ಅವರು ಆಡಿದ ಕೊನೆಯ ಮಾತು ಅದು. ಸಾಯುವ ತನಕ ಕ್ಷಮಿಸಲಿಲ್ಲ. ಕ್ಷಮಿಸಲಿ ಎಂದು ಆಕೆಯೂ ಕಾಯಲಿಲ್ಲ. ನೋಟ್‌ಪುಸ್ತಕಗಳಿಂದ ಇನ್ನೂ ನಾಲ್ಕು ಕೊಳಗಳನ್ನು ಎಲ್ಲಿ ತೋಡಬೇಕೆಂದು ಗೊತ್ತಾಯಿತು.

ಡೆರ್ಕ್ ಮಾತ್ರ ವರ್ಷದಿಂದ ವರ್ಷಕ್ಕೆ ಹಳೆಯ ಬೇಲಿಯನ್ನು ಸುತ್ತಿ ಹಾದು ಹುಲ್ಲು ಕೊಯ್ದ. ನೆರೆಯವರು ಕಡಿದುಹಾಕು, ಯಾರು ನೋಡುತ್ತಾರೆ ಎಂದರೆ, "ಕೈ ಬಡಿದಿದೀನಲ್ಲ" ಎನ್ನುತ್ತಿದ್ದ. ಎಂಬತ್ತೊಂಬತ್ತರ ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ಕಚೇರಿಗೆ ಫೋನ್ ಬಂತು. ಫೋನೆಂಬುದು ದೂರದವರಿಗೆ ಕೇಳಿಸಲೆಂದು ಕೂಗುವ ಕೊಳವೆಯೆಂದೇ ಡೆರ್ಕ್ ತಿಳಿದಿದ್ದ. ಕೋಣೆಯಲ್ಲಿದ್ದ ನಮಗೆಲ್ಲ ಕೇಳಿಸಿತು.

"ಅಮ್ಮಣ್ಣಿ! ಹೊಸ ಕೊಳದ ಹತ್ತಿರ ಎಲೆ ಮೇಲೆ ಕೂತಿದೆ! ನನ್ನ ಹೆಬ್ಬೆರಳಷ್ಟಿದೆ! ಡೀಕ ಕಾಯ್ತಾ ಇದಾಳೆ, ಹೋಗದ ಹಾಗೆ!"

ಹೋಗಿ ನೋಡಿದೆವು. ಒಂದಲ್ಲ, ಒಂಬತ್ತಿದ್ದವು, ತಗ್ಗಿನ ಹೊಸ ಬೇಲಿಯುದ್ದಕ್ಕೂ ಮುಳ್ಳುಪೊದೆಯಿಂದ ಮುಳ್ಳುಪೊದೆಗೆ, ಯಾರೋ ಎಣಿಸಿ ಇಟ್ಟಹಾಗೆ. ಡೀಕ ಕುರ್ಚಿ ಹಾಕಿಕೊಂಡು ಕೊಳದ ಪಕ್ಕ ಕಾವಲು ಕೂತಿದ್ದಳು. ಫ್ರೌಕೆ ಬೇಲಿಯ ಆ ತುದಿಯವರೆಗೆ ಹೋಗಿ ಬಂದಳು. ಕಣ್ಣು ಒದ್ದೆಯಾಗಿತ್ತು, ದನಿಯಲ್ಲಿ ಮಾತ್ರ ಏನೂ ಇರಲಿಲ್ಲ.

"ಹೊಯ್ಟಿಂಕ್ ಅವರೇ, ಇನ್ನು ನಿಮ್ಮ ಹಳೆ ಬೇಲಿ ಕಡೀಬಹುದು."

ಡೆರ್ಕ್ ಟೋಪಿಯನ್ನು ಹಿಂದೆ ಸರಿಸಿದ. "ಇರಲಿ ಬಿಡು. ಅಭ್ಯಾಸ ಆಗಿಹೋಗಿದೆ. ಅದರಲ್ಲೂ ಒಂದೆರಡು ಕಪ್ಪೆ ಇರಬಹುದಲ್ಲ."

"ಇರಬಹುದು. ಆದರೂ ಕಡೀರಿ. ನಿಮ್ಮ ಹೊಲ ಒಂದಾಗುತ್ತೆ ಅಂತ ನಾನೂ ಕೈ ಬಡಿದಿದೀನಿ."

"ನಾನೇ ಬೇಡ ಅಂತಿದೀನಲ್ಲ ಮಾರಾಯ್ತಿ!"

"ಇವತ್ತು ಬೇಡ ಅಂತೀರಿ. ನಾಳೆ ನಿಮ್ಮ ಮಗ ಟ್ರ್ಯಾಕ್ಟರ್ ತಿರುಗಿಸೋಕೆ ಆಗದೆ ಕಪ್ಪೆಗೆ ಶಾಪ ಹಾಕ್ತಾನೆ. ಮುಂದಿನ ಹಳ್ಳಿಯಲ್ಲಿ ನಾನು ಕೈ ಚಾಚಿದರೆ ಯಾರೂ ಬಡಿಯಲ್ಲ."

ಡೆರ್ಕ್ ಡೀಕಳ ಮುಖ ನೋಡಿದ. "ಸರಿಯಾಗೇ ಹೇಳ್ತಿದಾಳೆ" ಎಂದಳು ಡೀಕ, ಕುರ್ಚಿ ಬಿಟ್ಟು ಏಳದೆ. ಆ ಚಳಿಗಾಲ ಅವನು ಬೇಲಿಯನ್ನು ಕಡಿದ. ನಡುವಿನ ಒಂದು ಓಕ್ ಮರವನ್ನು ಬಿಟ್ಟ. ಫ್ರೌಕೆ ಬಂದು ನೋಡಿದಾಗ, ಅದು ಕಪ್ಪೆಗಲ್ಲ, ಹಸುಗಳ ನೆರಳಿಗೆ ಎಂದು ಸಮಜಾಯಿಷಿ ಹೇಳಿದ. "ಹಸುಗಳಿಗಾದರೆ ಸರಿ" ಎಂದು ಆಕೆ ಒಪ್ಪಿಕೊಂಡಳು.

ಈಗ ಮುಂದಿನ ಹಳ್ಳಿಗಳಲ್ಲೂ ಅಂಥ ಗೆರೆಗಳಿವೆ. ಅವನ್ನು ಬರೆಯುವ ಹೊಸಬರ ಕೋಣೆಗಳಲ್ಲಿ ಕಂಪ್ಯೂಟರ್ ಪರದೆಗಳು ಹೊಳೆಯುತ್ತವೆ; ಲೆಕ್ಕವೆಲ್ಲ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಕೆಲಸ ಚೆನ್ನಾಗಿಯೇ ನಡೆದಿದೆ. ಆದರೂ ನೆಲದ ಭವಿಷ್ಯವನ್ನು ಕಾಗದದ ಮೇಲೆ ಬರೆಯುವವರ ನಡುವೆ ನಲವತ್ತು ವರ್ಷ ಕಳೆದ ನನಗೆ ಅವರಲ್ಲಿ ಮೂರು ಬಗೆಯವರು ಕಂಡಿದ್ದಾರೆ. ಎಲ್ಲವನ್ನೂ ಬದಲಿಸಬಲ್ಲೆವೆಂದು ಹೊರಡುವವರು ಬಹಳ ಮಂದಿ, ಎಲ್ಲವನ್ನೂ ಹಾಗೆಯೇ ಉಳಿಸಬೇಕೆಂದು ಹಟ ಹಿಡಿಯುವವರು ಅಷ್ಟೇ ಮಂದಿ. ಇಬ್ಬರಿಗೂ ರಾತ್ರಿ ಒಳ್ಳೆಯ ನಿದ್ದೆ ಬರುತ್ತದೆ. ಮೂರನೆಯ ಬಗೆಯವರು ಅಪರೂಪ. ಯಾವುದು ಹೋದರೆ ಉಳಿದದ್ದೆಲ್ಲ ಹೋಗುತ್ತದೆ, ಯಾವುದು ಹೋದರೂ ಬದುಕು ಮುಂದುವರಿಯುತ್ತದೆ ಎಂಬುದನ್ನು ಕಾಲು ನೋಯುವಷ್ಟು ನಡೆದು ತಿಳಿದುಕೊಂಡು, ಕಳೆದುಹೋಗುವುದನ್ನು ಪ್ರೀತಿಸಿದವರ ಎದುರೂ ತಿಳಿದದ್ದನ್ನು ಹೇಳಿ, ಬಿಟ್ಟುಕೊಟ್ಟದ್ದರ ಲೆಕ್ಕವನ್ನು ಇನ್ನೊಬ್ಬರ ಹೆಗಲಿಗೆ ದಾಟಿಸದೆ ತಾವೇ ಹೊರುವವರು. ಅವರಿಗೆ ಹೂಮಾಲೆ ಹಾಕುವವರು ಯಾರೂ ಇಲ್ಲ, ಏಕೆಂದರೆ ಅವರಿಂದ ಏನನ್ನಾದರೂ ಕಳೆದುಕೊಳ್ಳದವರು ಆ ಸೀಮೆಯಲ್ಲಿ ಒಬ್ಬರೂ ಇರುವುದಿಲ್ಲ. ಅಂಥವರು ತುಂಬ ಮಂದಿ ಬೇಕಾಗಿಯೂ ಇಲ್ಲ. ಒಂದು ಸೀಮೆಗೆ ಒಬ್ಬರು ಸಾಕು. ಆದರೆ ಆ ಒಬ್ಬರು ಇಲ್ಲದ ಸೀಮೆಯಲ್ಲಿ ನಕ್ಷೆ ಎಷ್ಟೇ ಅಂದವಾಗಿದ್ದರೂ ನೆಲ ಅದನ್ನು ಒಪ್ಪಿಕೊಳ್ಳುವುದಿಲ್ಲ.